ಯಾರಿಗೂ ಕಾಣದವರು ಕಾರಿಗೆ ಕಂಡರು

ಕಲ್ಯಾಣ್

ದಸರೆಗೆ ಲೋಕವೆಲ್ಲ ಮೈಸೂರಿಗೆ ಬರುತ್ತದೆ. ನಾನು ಮೈಸೂರು ಬಿಟ್ಟು ಹೊರಟೆ. ನಮ್ಮ ಬೀದಿಯಲ್ಲಿ ಸಿಂಗಪುರಕ್ಕೆ, ಲಂಡನ್ನಿಗೆ ಹೋಗಿ ಬಂದವರಿದ್ದಾರೆ. ಅವರು ಬಂದ ಮೇಲೆ ಒಂದು ತಿಂಗಳು ಫೋಟೊ ನೋಡುವ ಶಿಕ್ಷೆ ನಮಗೆ. ನನ್ನ ಪಾಸ್‌ಪೋರ್ಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹೊಸದಾಗಿಯೇ ಮಲಗಿದೆ. ನಾನು ದಾಟಿದ್ದು ಒಂದೇ ಒಂದು ರಾಜ್ಯದ ಗಡಿ. ಆದರೂ ಹೊರದೇಶ ಅನ್ನುವುದಿದ್ದರೆ ಅದು ಇದೇ ಎಂದು ಕಲ್ಯಾಣ್ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನನಗೆ ಖಾತ್ರಿಯಾಯಿತು.

ಜನ ಎಂದರೆ ಜನ. ದಸರೆ ಮೆರವಣಿಗೆಯ ಜನ ನಿಂತು ನೋಡುವ ಜನ. ಇದು ಹರಿಯುವ ಜನ. ಯಾವ ಕಡೆ ಹೋಗಬೇಕೆಂದು ತಿಳಿಯದೆ ನಾನು ನಿಂತಾಗ ಹಿಂದಿದ್ದ ಹೆಂಗಸೊಬ್ಬಳು ಬೆನ್ನಿಗೆ ಕೈ ಕೊಟ್ಟು, "ಆಂಟಿ, ಚಲೋ ಮತ್. ಖಡೇ ರಹೋ. ಪಬ್ಲಿಕ್ ಲೇ ಜಾಯೇಗಿ" ಅಂದಳು. ನಡೆಯಬೇಡಿ, ಸುಮ್ಮನೆ ನಿಂತಿರಿ, ಜನರೇ ಒಯ್ಯುತ್ತಾರೆ ಎಂಬ ಉಪದೇಶ. ಹಾಗೇ ಆಯಿತು. ಅಷ್ಟು ದೂರ ನನ್ನ ಕಾಲುಗಳು ನನ್ನವಾಗಿರಲಿಲ್ಲ. ಕೆಳಗಿಳಿಯುವ ಹೊತ್ತಿಗೆ ಒಂದು ಚಪ್ಪಲಿಯೂ ನನ್ನದಾಗಿ ಉಳಿದಿರಲಿಲ್ಲ.

ಹೊರಗೆ ತಂಗಿ ವಾಣಿ ನಗುತ್ತ ನಿಂತಿದ್ದಳು. ಮೈಸೂರಿನ ಹುಡುಗಿ, ಉಡುಪಿ ಕಡೆಯ ಹೋಟೆಲಿನವರ ಮನೆಗೆ ಸೊಸೆಯಾಗಿ ಬಂದು ಡೊಂಬಿವಲಿಯವಳಾಗಿ ಹೋಗಿದ್ದಾಳೆ. ಅವಳ ಗಂಡ ರಘು ಕಾರು ತಂದ. ತಂದ ಎನ್ನುವುದಕ್ಕಿಂತ, ಕಾರು ಬಂದು ನನ್ನ ಮೊಣಕೈ ಪಕ್ಕ ನಿಂತಿತ್ತು, ನನಗೆ ಗೊತ್ತೇ ಆಗಲಿಲ್ಲ. ವಿದ್ಯುತ್ ಕಾರು, ಉಸಿರೂ ಇಲ್ಲ.

ರಘು ಪೂರ್ತಿ ಮೈ ತಿರುಗಿಸಿ ನನ್ನನ್ನು ನೋಡಿ ನಕ್ಕ. ಅವನ ಕುತ್ತಿಗೆಯ ಮೂಳೆ ಸವೆದು ವರ್ಷವಾಗಿದೆ, ಕತ್ತು ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. "ಮುಂದೆ ನೋಡಿ ಬಿಡಬಹುದು ಅಕ್ಕ. ರಿವರ್ಸ್ ಮಾತ್ರ ಆಗುದಿಲ್ಲ. ಅದಕ್ಕೇ ಈ ಗಾಡಿ. ಅದರಷ್ಟಕ್ಕೆ ಪಾರ್ಕ್ ಆಗ್ತದೆ" ಅಂದ. ಅವನ ತಾಯಿ ಲೀಲಮ್ಮನಿಗೆ ಎಂಬತ್ತು ದಾಟಿದೆ, ಹೃದಯದ ತೊಂದರೆ. ಅವರನ್ನು ಆಗಾಗ ಪಕ್ಕದ ಊರು ಠಾಣೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಇಲ್ಲಿನ ಲೋಕಲ್ ರೈಲಿಗೆ ಅವರನ್ನು ಹತ್ತಿಸುವುದು ಕನಸಿನ ಮಾತು. ಈ ಕಾರು ತಾನೇ ಪಾರ್ಕ್ ಆಗದಿದ್ದರೆ ರಘು ಗಾಡಿ ಓಡಿಸುವುದನ್ನೇ ಬಿಡಬೇಕು, ಅಷ್ಟೇ.

ಡೊಂಬಿವಲಿ

ಇಲ್ಲಿಯ ಕಟ್ಟಡಗಳು ಕಾಲಿನ ಮೇಲೆ ನಿಂತಿವೆ. ಕೆಳಗೆ ಕಂಬಗಳು, ಕಂಬಗಳ ನಡುವೆ ಗಾಡಿಗಳು, ಮೇಲೆ ಮನೆಗಳು. ಕಂಬದ ಬುಡದಲ್ಲಿ ಯಾರೂ ಪಾನ್ ಉಗಿಯದಿರಲಿ ಎಂದು ದೇವರ ಚಿತ್ರದ ಟೈಲ್ಸ್ ಅಂಟಿಸಿದ್ದಾರೆ. ಗಣಪತಿಯನ್ನು ಕಾವಲಿಗೆ ಹಾಕುವ ಈ ಬುದ್ಧಿ ನಮ್ಮ ಮೈಸೂರಿನವರಿಗೂ ಬಂದರೆ ಒಳ್ಳೆಯದು.

ರಘುವಿನ ಜಾಗ ಎಷ್ಟು ಇಕ್ಕಟ್ಟೆಂದರೆ ಕಾರು ಒಳಗೆ ಹೋದ ಮೇಲೆ ಬಾಗಿಲು ತೆಗೆಯಲು ಬರುವುದಿಲ್ಲ. ಹಾಗಾಗಿ ಎಲ್ಲರೂ ಮೊದಲೇ ಇಳಿದು, ಸಾಮಾನು ಇಳಿಸಿ, ಗೋಡೆಗೆ ಒತ್ತಿ ನಿಲ್ಲಬೇಕು. ರಘು ಮುಂದೆ ನಿಂತು ಮೊಬೈಲಿನ ಮೇಲೆ ಹೆಬ್ಬೆರಳು ಇಟ್ಟ. ಖಾಲಿ ಕಾರಿನ ಒಳಗೆ ಸ್ಟೀರಿಂಗ್ ಗರಗರನೆ ತಿರುಗಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮೋಟಾರು ಗೊತ್ತು, ಸೆನ್ಸಾರು ಗೊತ್ತು. ಆದರೂ ಕೈಯಿಲ್ಲದೆ ಚಕ್ರ ತಿರುಗುವುದನ್ನು ಕಂಡಾಗ ಗೋಡೆಗೆ ಇನ್ನಷ್ಟು ಒತ್ತಿ ನಿಂತೆ.

ಕಾರು ಅರ್ಧ ಹಿಂದೆ ಹೋಗಿ ನಿಂತುಬಿಟ್ಟಿತು.

"ಯಾಕೆ?" ಅಂದೆ. ರಘು ಮೊಬೈಲನ್ನು ನನ್ನ ಕಡೆ ಹಿಡಿದ. ಪರದೆಯಲ್ಲಿ ಕಾರಿನ ಚಿತ್ರ, ಅದರ ಹಿಂದೆ ಕಂಬ, ಕಂಬದ ಪಕ್ಕದಲ್ಲಿ ಬೂದುಬಣ್ಣದ ಒಂದು ಮನುಷ್ಯಾಕಾರ. ಮುಖ ಮೂಗಿಲ್ಲ, ಬರಿಯ ಆಕಾರ. ನಾನು ಬಗ್ಗಿ ಕಂಬದ ಕಡೆ ನೋಡಿದೆ. ಅಲ್ಲಿ ಗಣಪತಿಯ ಟೈಲ್ಸ್ ಬಿಟ್ಟರೆ ಯಾರೂ ಇರಲಿಲ್ಲ.

"ದಿನಾ ಹೀಗೇ ಅಕ್ಕ. ಬೇರೆ ಎಲ್ಲಿಯೂ ಇಲ್ಲ, ಇಲ್ಲಿ ಮಾತ್ರ" ಎಂದ ರಘು ಕಂಬದ ಹತ್ತಿರ ಹೋಗಿ, ಅಲ್ಲಿದ್ದವರನ್ನು ಸ್ವಲ್ಪ ಸರಿಯಿರಿ ಎನ್ನುವಂತೆ ಗಾಳಿಯಲ್ಲಿ ಕೈಯಾಡಿಸಿ ಬಂದ. ಆಕಾರ ಮಾಯವಾಯಿತು. ಕಾರು ತೆಪ್ಪಗೆ ಒಳಗೆ ಹೋಯಿತು. ಪಕ್ಕದ ಜಾಗದ ಸಾವಂತ್ ಕಾಕಾ ಸ್ಕೂಟರ್ ಒರೆಸುತ್ತ, "ರಘು ಭಾವು, ಭೂತ ಗೇಲಂ ಕಾ?" ಎಂದು ಕೇಳಿದರು. ಭೂತ ಹೋಯಿತೇ ಎಂದು ಹಾಲಿನವನು ಬಂದನೇ ಎಂದು ಕೇಳುವಷ್ಟೇ ಸಹಜವಾಗಿ.

ಲಿಫ್ಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲೀಲಮ್ಮ ಕೂತಿದ್ದರು. ಕಿವಿ ಮಂದ, ಕಣ್ಣು ಚುರುಕು. ನನ್ನ ಕೈ ಹಿಡಿದು ಪ್ರಯಾಣದ ಸುಖದುಃಖ ವಿಚಾರಿಸಿದ ಮೇಲೆ ಗುಟ್ಟಿನ ದನಿಯಲ್ಲಿ, ಅಂದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದರು: "ಭೂತ ಅಲ್ಲ, ಎಂತದೂ ಅಲ್ಲ. ಅದು ರಘುವಿನ ಅಪ್ಪ. ಅಲ್ಲಿಯೇ ಸ್ಕೂಟರ್ ಹಿಡ್ಕೊಂಡು ನಿಲ್ತಿದ್ದದ್ದು, ನನ್ನನ್ನು ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಲಿಕ್ಕೆ. ನಾನು ಇಳಿದು ಬರುವಾಗ ಯಾವಾಗ್ಲೂ ಲೇಟ್."

ರಘು ಮುಖ ತಿರುಗಿಸಬೇಕೆಂದರೂ ತಿರುಗಿಸಲಾರದೆ ನೆಲ ನೋಡಿದ. ಅವನ ತಂದೆ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ.

ಊಟ ಬಡಿಸುತ್ತ ವಾಣಿ ನನ್ನ ಹತ್ತಿರ ಬಗ್ಗಿ, "ಅಕ್ಕಾ, ಅತ್ತೆ ಮೊದ್ಲು ಹೀಗಿರ್ಲಿಲ್ಲ ಕಣೇ. ಆ ಕಾರು ಬಂದ್ಮೇಲೆ ಮಧ್ಯಾಹ್ನ ಕೆಳಗಿಳಿದು ಕಂಬದ ಹತ್ರ ನಿಂತ್ಕೋತಾರೆ. ತುಳುವಲ್ಲಿ ಮಾತಾಡ್ತಾರೆ. ಮಧ್ಯೆ ಮಧ್ಯೆ ಸುಮ್ನಾಗ್ತಾರೆ, ಆ ಕಡೆಯಿಂದ ಉತ್ತರ ಬರ್ತಿದೆಯೇನೋ ಅನ್ನೋ ಹಾಗೆ" ಅಂದಳು. ದೆವ್ವಗಿವ್ವ ಏನಿಲ್ಲ, ನೆರಳು ಬೆಳಕಿನ ಆಟ ಎಂದು ಮೇಷ್ಟರ ಗತ್ತಿನಲ್ಲಿ ಹೇಳಿ ನಾನು ಸಾರು ಸುರಿದುಕೊಂಡೆ.

ಠಾಣೆ

ಲೀಲಮ್ಮನ ತಪಾಸಣೆಗೆ ಠಾಣೆಗೆ ಹೋದೆವು. ವಾಣಿಯ ಮಗಳು ಇಶಾ ರಜೆ ಹಾಕಿ ಬಂದಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ದೊಡ್ಡಮ್ಮನಾದ ನಾನು ಅವಳಿಗೆ ಮೌಶಿ. ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ಹಿಂದಿಯಲ್ಲಿ ಮುದ್ದು ಮಾಡುತ್ತಾಳೆ. ಸಂಸಾರ ಚೆನ್ನಾಗಿಯೇ ನಡೆಯುತ್ತದೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಜಾಗ ಧಾರಾಳವಾಗಿತ್ತು, ಆದ್ದರಿಂದ ಎಲ್ಲರೂ ಒಳಗೇ ಕೂತಿದ್ದೆವು. ಕಾರು ತಾನೇ ಜಾಗ ಹುಡುಕಿ ಹಿಂದೆ ಸರಿಯತೊಡಗಿತು. ಆಟೋ ನಿಧಾನವಾದರೆ ಸಾಕು, ಒಂದು ಕಾಲು ಹೊರಗಿಡುವವಳು ನಾನು. ನಲವತ್ತು ವರ್ಷದ ಅಭ್ಯಾಸ. ಕಾರು ಇನ್ನೇನು ನಿಂತಿತು ಎಂದುಕೊಂಡು ಬಾಗಿಲು ತೆಗೆದೆ. ತಕ್ಷಣ ಕಾರು ಗಕ್ಕನೆ ನಿಂತು, ಟೀಂ ಟೀಂ ಎಂದು ಬಡಿದುಕೊಂಡು, ದಾರಿಗೆ ಅಡ್ಡವಾಗಿ ಮುನಿಸಿಕೊಂಡು ಕೂತಿತು. ಹಿಂದಿನಿಂದ ಹಾರ್ನುಗಳ ಮಂಗಳವಾದ್ಯ ಶುರು.

"ಮೌಶಿ! ದರ್ವಾಜಾ ಮತ್ ಖೋಲೋ ನಾ! ದರ್ವಾಜಾ ಖುಲಾ ತೋ ಗಾಡಿ ಸಬ್ ಛೋಡ್ ದೇತೀ ಹೈ!" ಎಂದು ಇಶಾ ಹಣೆ ಚಚ್ಚಿಕೊಂಡಳು. ಬಾಗಿಲು ತೆರೆದರೆ ಕಾರು ಮಾಡುತ್ತಿದ್ದ ಕೆಲಸವನ್ನೆಲ್ಲ ಕೈಬಿಡುತ್ತದಂತೆ. ಎಲ್ಲರೆದುರು ಮಾನ ಹೋಯಿತು. ಊರಿಗೆ ಹೋಗುವವರೆಗೆ ಈ ಕಾರಿನ ಬಾಗಿಲು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಠಾಣೆಯ ಆ ನೆಲಮಾಳಿಗೆಯಲ್ಲಿ ಪರದೆಯ ಮೇಲೆ ನಿಜವಾದ ಜನ ಮಾತ್ರ ಕಂಡರು. ಗಾಲಿಕುರ್ಚಿ ತಳ್ಳುವವನು ಇದ್ದ ಕಡೆ ಒಂದು ಆಕಾರ, ಅವನು ಹೋದ ಮೇಲೆ ಖಾಲಿ. ಲೀಲಮ್ಮ ಪರದೆಯನ್ನೇ ನೋಡುತ್ತಿದ್ದರು. "ಇಲ್ಲಿಗೆ ಅವರು ಬರುದಿಲ್ಲ. ಆಸ್ಪತ್ರೆ ಅಂದ್ರೆ ಅವರಿಗೆ ಆಗುದಿಲ್ಲ" ಅಂದರು.

ಮಹಾಪೆ

ಇಶಾಳ ಆಫೀಸು ಇರುವುದು ಮಹಾಪೆಯಲ್ಲಿ. ಅಲ್ಲೇ ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಕಾರು ತೋರಿಸಿದೆವು. ಕಂಪ್ಯೂಟರ್ ಸಿಕ್ಕಿಸಿದ ತರುಣ ಎಂಜಿನಿಯರ್ ಬಹಳ ಹೊತ್ತು ನೋಡಿ, ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದ. "ಹಾಗಾದರೆ ಅಲ್ಲಿ ಕಾಣುವವರು ಯಾರು?" ಎಂದೆ. ಅವನು ನಕ್ಕ. ಕ್ಯಾಮೆರಾಕ್ಕೆ ಕೆಲವೊಮ್ಮೆ ಕಂಬವೂ ಮನುಷ್ಯ, ನೆರಳೂ ಮನುಷ್ಯ. ಇಲ್ಲದವರನ್ನು ಕಂಡು ನಿಂತರೆ ನಷ್ಟವಿಲ್ಲ, ಇದ್ದವರು ಕಾಣದಿದ್ದರೆ ಕಷ್ಟ ಎಂದ. ಮೊಬೈಲು ಹಿಡಿದವರು ಪರದೆ ನೋಡಬಾರದು, ಕಾರಿನ ಸುತ್ತ ನೋಡಬೇಕು. ಸೆನ್ಸಾರುಗಳ ಮೇಲೆ ಕೊಳೆ ಕೂರಬಾರದು ಎಂದೂ ಹೇಳಿದ. ಬಂಪರಿನಲ್ಲಿ ಗುಂಡಗೆ, ಬಿಂದಿಯಷ್ಟು ದೊಡ್ಡದಾಗಿ ಸಾಲಾಗಿದ್ದ ಅವುಗಳನ್ನು ಬೆರಳಿನಿಂದ ತಟ್ಟಿ ತೋರಿಸಿದ. ರಘು ಅಂದಿನಿಂದ ದಿನಾ ಬೆಳಿಗ್ಗೆ ಅವುಗಳನ್ನು ಮಗುವಿನ ಕಣ್ಣು ಒರೆಸಿದ ಹಾಗೆ ಒರೆಸತೊಡಗಿದ.

ಮನೆಗೆ ಬಂದ ಮೇಲೆ ನಾನೇ ಒಂದು ಪ್ರಯೋಗಕ್ಕೆ ಇಳಿದೆ. ಕಂಬದ ಪಕ್ಕ ಹೋಗಿ ನಿಂತು, "ಈಗ ಬಿಡು ರಘು" ಎಂದೆ. ಕಾರು ಹಿಂದೆ ಹಿಂದೆ ಬಂದು, ನನ್ನಿಂದ ಸಾಕಷ್ಟು ದೂರದಲ್ಲೇ ನಿಂತಿತು. ನಿಜವಾದ ಮನುಷ್ಯರನ್ನು ಅದು ಸರಿಯಾಗಿಯೇ ಕಾಣುತ್ತದೆ ಎಂದು ಸಮಾಧಾನವಾಯಿತು. ಆದರೆ ರಘು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ಅವನ ಪಕ್ಕದಲ್ಲಿದ್ದ ಇಶಾ ಪರದೆ ನೋಡಿ ಸಣ್ಣ ದನಿಯಲ್ಲಿ, "ಮೌಶಿ, ದೋ ದಿಖ್ ರಹೇ ಹೈ" ಅಂದಳು.

ಇಬ್ಬರು. ಒಬ್ಬಳು ನಾನು. ಇನ್ನೊಂದು ಆಕಾರ ನನ್ನ ಎಡಕ್ಕೆ, ತೋಳಿಗೆ ತೋಳು ತಾಗುವಷ್ಟು ಹತ್ತಿರದಲ್ಲಿ. ಮಟಮಟ ಮಧ್ಯಾಹ್ನ, ಹೊರಗೆ ತರಕಾರಿಯವನು ಕೂಗುತ್ತಿದ್ದ. ನಾನು ಎಡಕ್ಕೆ ತಿರುಗಿ ನೋಡಲಿಲ್ಲ. ಸತ್ಯ ಹೇಳುತ್ತೇನೆ, ನೋಡಲು ಧೈರ್ಯ ಬರಲಿಲ್ಲ. ನೇರವಾಗಿ ನಡೆದು ಬಂದು, ಮೇಲೆ ಹೋಗಿ, ಎರಡು ಲೋಟ ನೀರು ಕುಡಿದೆ.

ಡೊಂಬಿವಲಿ, ಆಯುಧಪೂಜೆ

ನವಮಿಯ ಬೆಳಿಗ್ಗೆ ಕಟ್ಟಡದ ಕೆಳಗೆ ಜಾತ್ರೆ. ತೊಳೆಯಲೆಂದು ಪಕ್ಕದ ಗಾಡಿಗಳನ್ನೆಲ್ಲ ಹೊರಗೆ ತೆಗೆದಿದ್ದರು. ಇಲ್ಲಿಯ ಹೆಚ್ಚಿನವರು ಗಾಡಿಪೂಜೆ ಮಾಡುವುದು ಮರುದಿನ, ದಸರೆಗೆ. ಆದರೂ ನಮ್ಮ ಪೂಜೆ ನೋಡಲು ಬಂದು ನಿಂತರು. ಲೀಲಮ್ಮ ಹಸಿರು ಸೀರೆ ಉಟ್ಟು, ಬೆಳ್ಳಿ ಬಟ್ಟಲಲ್ಲಿ ಗಂಧ ತೇದುಕೊಂಡು ಇಳಿದು ಬಂದರು. ಚೆಂಡುಹೂವಿನ ಹಾರ, ಬೂದುಗುಂಬಳ, ಚಕ್ರದ ಅಡಿಗೆ ನಿಂಬೆಹಣ್ಣು. ಮುಂದಿನ ಬಂಪರಿಗೆ ವಾಣಿ, ಹಿಂದಿನದಕ್ಕೆ ಲೀಲಮ್ಮ. ಬೊಟ್ಟಿಡುವ ಕೈಗೆ ಗುಂಡಗಿನ ಜಾಗ ಕಂಡರೆ ಬೇರೆ ಹೇಳಬೇಕೇ? ಒಂದೊಂದು ಗುಂಡಿಗೂ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ. ಹಿಂದಿನ ಕ್ಯಾಮೆರಾದ ಪುಟ್ಟ ಕಣ್ಣಿಗೂ ಒಂದು. "ಎಷ್ಟು ಚಂದ ಕಾಣ್ತದೆ ನೋಡಿ. ಮದುಮಗಳು" ಅಂದರು.

ರಘು ಪಕ್ಕದಲ್ಲೇ ನಿಂತಿದ್ದ. ನಾನೂ ನಿಂತಿದ್ದೆ. ಕೊಳೆ ಕೂರಬಾರದು ಎಂದು ಎಂಜಿನಿಯರ್ ಹೇಳಿದ್ದು ನಮ್ಮಿಬ್ಬರ ಕಿವಿಯಲ್ಲೂ ಇತ್ತು. ಆದರೆ ಗಂಧವನ್ನು ಕೊಳೆ ಎಂದು ಯಾರು ಎಣಿಸುತ್ತಾರೆ?

ರಘು ಕಾರು ಮುಂದೆ ಬಿಟ್ಟು ನಿಂಬೆಹಣ್ಣು ಜಜ್ಜಿಸಿ ಇಳಿದ. ಇನ್ನು ಕಾರು ತಾನೇ ಹಿಂದೆ ಹೋಗಬೇಕು. ಆಗ ಲೀಲಮ್ಮ ತಡೆದರು. "ಪೂಜೆ ಆದ ಗಾಡಿ ಖಾಲಿ ಹೋಗ್ಬಾರ್ದು. ನೀವು ಕೂತ್ಕೊಳ್ಳಿ" ಎಂದು ನನ್ನನ್ನು ಮುಂದಿನ ಸೀಟಿಗೆ ದಬ್ಬಿದರು. ಬೇಡ ಎನ್ನಲು ನನಗೆ ಮನಸ್ಸಿತ್ತು. ಅವರ ಕಿವಿಗೆ ಬೀಳಲಿಲ್ಲ.

ಕಾರು ಹಿಂದಕ್ಕೆ ಸರಿಯಿತು. ನನ್ನ ಪಕ್ಕದಲ್ಲಿ ಖಾಲಿ ಸೀಟು, ಅದರ ಮುಂದೆ ತಾನೇ ತಿರುಗುವ ಚಕ್ರ. ನಾನು ಪರದೆಯನ್ನೇ ನೋಡುತ್ತಿದ್ದೆ. ಕ್ಯಾಮೆರಾ ತೋರಿಸುವ ಕಡೆ ಕೆಂಪು ಮಬ್ಬು. ಚಿತ್ರದಲ್ಲಿ ಕಂಬವಿತ್ತು, ಕಂಬದ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಬಂದ ಮೇಲೆ ಮೊದಲ ಬಾರಿ ಆ ಜಾಗ ಖಾಲಿ. ಹೊರಗೆ ಇಶಾ ಸಂತೋಷದಿಂದ, "ಅಜ್ಜೀ, ಆಜ್ ಕೋಯೀ ನಹೀ ದಿಖ್ ರಹಾ!", ಇವತ್ತು ಯಾರೂ ಕಾಣುತ್ತಿಲ್ಲ ಎಂದು ಲೀಲಮ್ಮನ ಕಿವಿಯ ಹತ್ತಿರ ಕೂಗಿದ್ದು ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಪೂಜೆಯಿಂದ ಪೀಡೆ ಕಳೆಯಿತು ಎಂದು ನನಗೂ ಅನ್ನಿಸಿತು, ವಿಜ್ಞಾನ ಕಲಿಸಿದ ನನಗೂ.

ಕಾರು ನಿಲ್ಲಲಿಲ್ಲ. ದಿನಾ ನಿಲ್ಲುತ್ತಿದ್ದ ಜಾಗ ದಾಟಿ ಹಿಂದೆ ಹೋಗುತ್ತಲೇ ಇತ್ತು. ಸುಮ್ಮನೆ, ಯಾಕೋ ಗೊತ್ತಿಲ್ಲ, ಎಡಗಡೆಯ ಕನ್ನಡಿಯತ್ತ ಕಣ್ಣು ಹಾಯಿಸಿದೆ.

ಕನ್ನಡಿಯಲ್ಲಿ ಹಸಿರು ಸೀರೆ.

ಲೀಲಮ್ಮ ಕಾರಿನ ಆ ಮಗ್ಗುಲಿನಿಂದ ಸುತ್ತಿ ಬಂದು ಕಂಬದ ಪಕ್ಕ ನಿಂತಿದ್ದರು. ಬೆನ್ನು ಕಾರಿನ ಕಡೆಗೆ, ಮುಖ ಕಂಬದ ಕಡೆಗೆ. ಏನೋ ಹೇಳುತ್ತಿದ್ದರು, ಕೈ ಆಡಿಸುತ್ತಿದ್ದರು. ಪರದೆಯನ್ನು ನೋಡಿದೆ: ಯಾರೂ ಇಲ್ಲ. ಕನ್ನಡಿಯನ್ನು ನೋಡಿದೆ: ಲೀಲಮ್ಮ, ಈಗ ಇನ್ನೂ ದೊಡ್ಡದಾಗಿ. ಮುಂದೆ ನಿಂತ ರಘುವಿನ ಕಣ್ಣು ಮೊಬೈಲಿನ ಮೇಲೆ, ಹೆಬ್ಬೆರಳು ಮೊಬೈಲಿನ ಮೇಲೆ. ಬಗ್ಗಿ ನೋಡಲು ಅವನಿಗೆ ಕತ್ತಿಲ್ಲ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ, ಗಾಜು ಮುಚ್ಚಿತ್ತು. ಬ್ರೇಕು ಯಾವುದು, ಎಲ್ಲಿದೆ, ನನಗೆ ತಿಳಿಯದು. ಆದರೆ ಈ ಕಾರು ಒಮ್ಮೆ ಎಲ್ಲರೆದುರು ಮುನಿಸಿಕೊಂಡು ನಿಂತದ್ದು ಹೇಗೆಂದು ಕೈಗೆ ನೆನಪಿತ್ತು.

ಬಾಗಿಲು ತೆಗೆದೆ.

ಕಾರು ಗಕ್ಕನೆ ನಿಂತಿತು. ಟೀಂ ಟೀಂ ಟೀಂ. ಲೀಲಮ್ಮನ ಸೆರಗು ಬಂಪರಿಗೆ ತಾಗಿ ಅಲ್ಲಿದ್ದ ಕುಂಕುಮ ಸೆರಗಿಗೆ ಹತ್ತಿತ್ತು. ಅವರಿಗೂ ಕಾರಿಗೂ ನಡುವೆ ನನ್ನ ಅಂಗೈ ಇಡುವಷ್ಟು ಜಾಗವಿತ್ತು, ಅವರಿಗೂ ಕಂಬಕ್ಕೂ ನಡುವೆ ಅದೂ ಇರಲಿಲ್ಲ. ಅವರು ನಿಧಾನವಾಗಿ ತಿರುಗಿದರು. ನಮ್ಮೆಲ್ಲರ ಮುಖ ನೋಡಿ ಬೇಸರದಿಂದ, "ಇವತ್ತು ಅವರು ಕಾಣುದಿಲ್ಲ ಅಂತ ಇಶಾ ಹೇಳಿದ್ಳು. ಎಲ್ಲಿಗೆ ಹೋದ್ರು ಅಂತ ನೋಡ್ಲಿಕ್ಕೆ ಬಂದೆ. ಎಂತ ಆಯ್ತು?" ಎಂದರು.

ರಘು ಮೊಬೈಲು ಕೆಳಗೆ ಹಾಕಿ ತಾಯಿಯನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಆಮೇಲೆ ಹೆಗಲ ಶಾಲಿನಿಂದ ಒಂದೊಂದೇ ಬೊಟ್ಟನ್ನು ಉಜ್ಜಿ ಉಜ್ಜಿ ತೆಗೆದ. ಅವನ ಕೈಬೆರಳೆಲ್ಲ ಕೆಂಪಾಯಿತು.

ಕಾಮೋಠೆ, ಮತ್ತೆ ಡೊಂಬಿವಲಿ

ಆ ದಿನದಿಂದ ರಘು ಮೊಬೈಲಿನಿಂದ ಕಾರು ನಿಲ್ಲಿಸುವುದನ್ನು ಬಿಟ್ಟ. ತಾನೇ ಒಳಗೆ ಕೂತು ಬಿಡುತ್ತಾನೆ. ಪಕ್ಕದಲ್ಲಿ ಯಾರಾದರೂ ಕೂತು ಅವನ ಕತ್ತಿನ ಕೆಲಸ ಮಾಡಬೇಕು. ಸಾವಂತ್ ಕಾಕಾ ಇದನ್ನೆಲ್ಲ ಕಂಡು, ಬಾಗಿಲು ತೆರೆಯಲು ಜಾಗವಿರಲಿ ಎಂದು ತಮ್ಮ ಸ್ಕೂಟರನ್ನು ಗೇಟಿನ ಹತ್ತಿರಕ್ಕೆ ಒಯ್ದರು. ಲೀಲಮ್ಮ ಕಂಬದ ಬಳಿ ಹೋಗುವಂತಿಲ್ಲ ಎಂದು ಮಗ ಕೈಮುಗಿದು ಹೇಳಿದ. ಮತ್ತೊಂದು ಸಲ ಅವರು ಅಲ್ಲಿ ನಿಂತರೆ ಕಾರನ್ನೇ ಮಾರುತ್ತೇನೆ, ಆಮೇಲೆ ಆಸ್ಪತ್ರೆಗೆ ಹೋಗಲು ದೇವರೇ ಗತಿ ಎಂದ. ಅವರು ತಲೆಯಾಡಿಸಿದರು.

ವಿಚಿತ್ರವೆಂದರೆ ಬೊಟ್ಟು ಒರೆಸಿದ ಮೇಲೂ ಆಕಾರ ಮರಳಲಿಲ್ಲ. ಪ್ರತಿ ಸಲ ಕಾರು ಬಂದಾಗ ಲೀಲಮ್ಮ ಕುರ್ಚಿಯಿಂದಲೇ, "ಕಂಡ್ರಾ?" ಎಂದು ಕೇಳುವರು. ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಊಟ ಕಡಿಮೆಯಾಯಿತು.

ಕೊನೆಯ ದಿನ ಕಾಮೋಠೆಯಲ್ಲಿ ವಾಣಿಯ ಗೆಳತಿಯ ಮನೆಗೆ ಹೋಗಿ ಬಂದೆವು. ಅಲ್ಲಿಯ ಕಟ್ಟಡವೂ ಕಂಬಗಳ ಮೇಲೆಯೇ ನಿಂತಿತ್ತು. ಪರದೆಯಲ್ಲಿ ಒಂದು ನಾಯಿ ಕಂಡಿತು, ನಿಜವಾಗಿಯೂ ನಾಯಿ ಇತ್ತು. ನಾನು ಆ ನಾಯಿಯನ್ನು ಕಂಡು ಎಷ್ಟು ಸಂತೋಷಪಟ್ಟೆ ಎಂದರೆ ಬಿಸ್ಕತ್ತು ಹಾಕಿದೆ.

ಮಧ್ಯಾಹ್ನ ಡೊಂಬಿವಲಿಗೆ ಮರಳಿದಾಗ ವಾಣಿ ಇಳಿದು ಅತ್ತೆಯ ಕುರ್ಚಿಯ ಬಳಿ ನಿಂತಳು. ನಾನು ರಘುವಿನ ಪಕ್ಕದಲ್ಲಿ ಕೂತೆ. ಅವನು ರಿವರ್ಸ್ ಹಾಕಿದ. ಪರದೆ ಬೆಳಗಿತು.

ಕಂಬದ ಪಕ್ಕ ಆಕಾರ ನಿಂತಿತ್ತು.

ರಘು ಬ್ರೇಕ್ ತುಳಿದ. ನಾನು ಕನ್ನಡಿಯಲ್ಲಿ ನೋಡಿದೆ, ಗಾಜು ಇಳಿಸಿ ತಲೆ ಹೊರಹಾಕಿ ನೋಡಿದೆ. ಬರಿಯ ಕಂಬ, ಗಣಪತಿ, ನೆಲದ ಮೇಲೆ ಒಣಗಿದ ಚೆಂಡುಹೂವಿನ ಎಸಳು. ಪರದೆಯಲ್ಲಿ ಮಾತ್ರ ಅದು ಕದಲದೆ, ಯಾರನ್ನೋ ಕಾಯುವವರ ಹಾಗೆ ನಿಂತಿತ್ತು.

"ಕಂಡ್ರಾ?" ಎಂದರು ಲೀಲಮ್ಮ, ಕುರ್ಚಿಯಿಂದ ಮುಂದಕ್ಕೆ ಬಾಗಿ.

ರಘು ಪೂರ್ತಿ ಮೈ ತಿರುಗಿಸಿ ನನ್ನನ್ನು ನೋಡಿದ. ಲೀಲಮ್ಮನ ಆಸೆಯ ಮುಖ ನೋಡಿದರೆ ಹೌದು ಎನ್ನಬೇಕೆನಿಸಿತು. ಆದರೆ ಬಂಪರಿಗೂ ಕಂಬಕ್ಕೂ ನಡುವಿನ ಆ ಹಸಿರು ಸೀರೆ ನನ್ನ ಕಣ್ಣಿನಿಂದ ಹೋಗಿರಲಿಲ್ಲ.

"ಇಲ್ಲಮ್ಮ. ಯಾರೂ ಇಲ್ಲ" ಅಂದೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ. ದೆವ್ವವಿಲ್ಲ ಎಂದು ಎಷ್ಟೋ ತರಗತಿಗಳಿಗೆ ಹೇಳಿದ್ದೇನೆ, ಅದನ್ನು ಸುಳ್ಳೆಂದು ತಿಳಿದು ಹೇಳಿದ್ದು ಅದೇ ಮೊದಲು.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ವಾಣಿಯ ಕೈ ಹಿಡಿದು ಎದ್ದು ಲಿಫ್ಟಿಗೆ ಹೋದರು. ರಘು ಕಾರನ್ನು ಒಳಗೆ ಹಾಕಲಿಲ್ಲ. ಹಾಕು ಎಂದು ನಾನೂ ಹೇಳಲಿಲ್ಲ. ಅದು ಅಂಗಳದ ಬಿಸಿಲಿನಲ್ಲೇ ನಿಂತಿತು.

ಸಂಜೆ ಹೊರಡುವಾಗ ವಾಣಿ ಅರಿಶಿನ ಕುಂಕುಮ ತರಲು ಒಳಗೆ ಹೋದಳು. ನಾನು ಬಗ್ಗಿ ಲೀಲಮ್ಮನ ಕಾಲು ಮುಟ್ಟಿದೆ. ಅವರು ನನ್ನ ಕೆನ್ನೆ ಹಿಡಿದು, ಈ ಸಲ ನಿಜವಾಗಿಯೂ ಗುಟ್ಟಿನ ದನಿಯಲ್ಲಿ, ಕಿವಿ ಮಂದವಾದವರು ಅಷ್ಟು ಮೆಲ್ಲಗೆ ಮಾತಾಡಬಲ್ಲರೆಂದು ನನಗೆ ತಿಳಿದಿರಲಿಲ್ಲ, ಹೀಗೆ ಹೇಳಿದರು:

"ಇದ್ರು ಅಲ್ವಾ? ನಿಮ್ಮ ಮುಖ ನೋಡುವಾಗ್ಲೇ ಗೊತ್ತಾಯ್ತು. ನನಗೆ ಗೊತ್ತುಂಟು ಅಂತ ರಘುವಿಗೆ ಹೇಳ್ಬೇಡಿ. ನಾನು ಅಲ್ಲಿಗೆ ಹೋಗುದಿಲ್ಲ, ಅವ ಗಾಡಿ ಓಡಿಸ್ಬೇಕಲ್ಲ. ಯಾವಾಗ್ಲೂ ನಾನೇ ಲೇಟ್. ಅವರಿಗೆ ಕಾದು ಅಭ್ಯಾಸ ಉಂಟು."